ಕತಾರ್ ಹೋರಿಯನ್ನು ನಾನು ಕರೆದದ್ದು

ಹಾವೇರಿ ಕಡೆಯ ನಮ್ಮೂರಿನಲ್ಲಿ ನನ್ನ ಗುರುತು ಹಿಡಿಯುವವರು ಕಡಿಮೆ. ನನ್ನ ಹೋರಿಯ ಗುರುತು ಹಿಡಿಯದವರು ಮಾತ್ರ ಯಾರೂ ಇರಲಿಲ್ಲ. ರಜೆಯಲ್ಲಿ ಹೋದಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು "ಓಹೋ, ಕತಾರ್ ಹೋರಿ ಮಾಲಕ್ರು ಬಂದ್ರಪ್ಪೋ" ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಬೆಂಚು ಒರೆಸುತ್ತಿದ್ದ. ಹದಿನಾಲ್ಕು ವರ್ಷ ಈ ಮರುಭೂಮಿಯಲ್ಲಿ ಪೈಪುಗಳ ವೆಲ್ಡಿಂಗ್ ತಪಾಸಣೆ ಮಾಡಿದ್ದಕ್ಕೆ ಯಾರೂ ನನಗಾಗಿ ಬೆಂಚು ಒರೆಸಿರಲಿಲ್ಲ. ಹೋರಿ ಓಡಿತು, ಮರ್ಯಾದೆ ನನಗೆ ಸಿಕ್ಕಿತು. ಆ ಮರ್ಯಾದೆಯ ರುಚಿ ಹತ್ತಿದ್ದೇ ಎಲ್ಲಕ್ಕೂ ಮೂಲ.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ದೀಪಾವಳಿ ಮುಗಿದದ್ದೇ ತಡ, ನಮ್ಮ ಕಡೆ ಊರೂರಲ್ಲೂ ಹೋರಿ ಬೆದರಿಸುವ ಸ್ಪರ್ಧೆ ಶುರುವಾಗುತ್ತದೆ. ಹೋರಿಗೆ ಜೂಲ ಹೊದಿಸಿ, ಕೋಡಿಗೆ ರಿಬ್ಬನ್ನು ಬಲೂನು ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಸರ ಬಿಗಿದು ಅಖಾಡಕ್ಕೆ ಬಿಡುತ್ತಾರೆ. ಎರಡೂ ಕಡೆ ಬಿದಿರು ಗಳುಗಳ ಬೇಲಿ, ನಡುವೆ ಉದ್ದನೆಯ ಓಣಿ, ಆ ಓಣಿಯ ತುಂಬ ಗಂಡಸರು. ಓಡುವ ಹೋರಿಯ ಮೇಲೆ ಬಿದ್ದು ಕೊಬ್ಬರಿ ಹರಿದುಕೊಂಡವನು ಗೆದ್ದ. ಯಾರ ಕೈಗೂ ಸಿಗದೆ ಕೊನೆ ಮುಟ್ಟಿದರೆ ಹೋರಿ ಗೆದ್ದಿತು. ಬೆದರಿದ ಪ್ರಾಣಿ ಚೆನ್ನಾಗಿ ಓಡುತ್ತದೆ. ಬೆದರಿಸುವುದನ್ನೇ ನಾವು ಹಬ್ಬ ಮಾಡಿಕೊಂಡಿದ್ದೇವೆ. ಕೋರ್ಟು ಬೇಡ ಅಂದಿತು, ಸರ್ಕಾರ ಕಾನೂನು ತಿದ್ದಿತು, ನಾವು ಇಲ್ಲಿ ಕತಾರಿನ ಅಲ್ ಖೋರ್‌ನಲ್ಲಿ ಸಿಹಿ ಹಂಚಿದೆವು. ನಾನೇ ಎರಡು ಕಿಲೋ ಹಂಚಿದ್ದೆ.

ನನ್ನ ಹೋರಿಯ ಕೊಬ್ಬರಿಯನ್ನು ಮೂರು ವರ್ಷ ಯಾರೂ ಮುಟ್ಟಿರಲಿಲ್ಲ.

ಅದನ್ನು ಬೆಳೆಸಿದವನು ನಾನೇ. ಲುಸೈಲ್‌ನಲ್ಲಿ ನಾನಿದ್ದ ಪ್ರಾಜೆಕ್ಟ್ ಮುಗಿದು ವೀಸಾ ಖಲಾಸ್ ಆಗಿ, ಇನ್ನೊಂದು ಕೆಲಸ ಸಿಗುವತನಕ ಹತ್ತು ತಿಂಗಳು ಊರಲ್ಲಿ ಬಿದ್ದಿದ್ದೆ. ಮಾಡಲು ಕೆಲಸವಿಲ್ಲದ ಗಂಡಸು ಹಳ್ಳಿಯಲ್ಲಿ ಎಷ್ಟು ಅಗ್ಗ ಅಂತ ಆಗ ಗೊತ್ತಾಯಿತು. ಆ ದಿನಗಳಲ್ಲಿ ತಂದ ಕರು ಅದು, ತಾಯಿ ಇಲ್ಲದ್ದು. ಮೊದಲು ಬಾಟಲಿಯಲ್ಲಿ ಹಾಲು, ಆಮೇಲೆ ಅಂಗೈಯಲ್ಲಿ ಬೆಲ್ಲ. ಬೆಲ್ಲ ಕೊಡುವಾಗ ಒಂದೇ ಕೂಗು ಹಾಕುತ್ತಿದ್ದೆ: "ಹೋ ಹೋ ಹೋಯ್, ಬಾರೋ ಮಗನ!" ಆ ಕೂಗು ಕೇಳಿದರೆ ಎರಡು ಹೊಲದಾಚೆ ಇದ್ದರೂ ಬದು ಹಾರಿ ಬಂದು ಅಂಗೈಗೆ ಮೂತಿ ಒತ್ತುತ್ತಿತ್ತು. ನನ್ನ ತಮ್ಮ ಅದೇ ಕೂಗು ಹಾಕಿ ನೋಡಿದ, ಅದು ತಲೆಯನ್ನೂ ಎತ್ತಲಿಲ್ಲ. "ನಿನ್ನ ದನಿ ಅಷ್ಟ ಗೊತ್ತೈತಿ ಅದಕ್ಕ" ಎಂದು ನಕ್ಕಿದ್ದ. ರಾಸ್ ಲಫಾನ್‌ನಲ್ಲಿ ಕೆಲಸ ಸಿಕ್ಕಿ ನಾನು ವಾಪಸು ಕತಾರಿಗೆ ಬಂದ ಮೇಲೆ ಹೋರಿ ತಮ್ಮನ ಪಾಲಾಯಿತು. ಹುರುಳಿ, ಹತ್ತಿಕಾಳು, ಹಸಿ ಮೊಟ್ಟೆ, ಕೆರೆಯಲ್ಲಿ ಈಜು, ಮರಳಲ್ಲಿ ನಡಿಗೆ, ಎಲ್ಲ ಅವನದು. ಹೆಸರು ನನ್ನದು.

ಎರಡನೆಯ ವರ್ಷ ಹೋರಿ ಒಬ್ಬನನ್ನು ಇರಿಯಿತು. ಬೇಲಿಗೆ ಆನಿಸಿ ಎತ್ತಿ ಒಗೆಯಿತು. ತಮ್ಮ ಕಳಿಸಿದ ವಿಡಿಯೋವನ್ನು ನಾನು ಕಂಪನಿ ಬಸ್ಸಿನಲ್ಲಿ ನೋಡಿದೆ, ನೋಡಿದವನೇ ಗ್ರೂಪುಗಳಿಗೆಲ್ಲ ಫಾರ್ವರ್ಡ್ ಮಾಡಿದೆ. ಪಕ್ಕದ ಸೀಟಿನಲ್ಲಿ ನನ್ನ ಫ್ಲಾಟಿನ ಜೊತೆಗಾರ ಕೂತಿದ್ದ. ಮೂಡಬಿದಿರೆ ಕಡೆಯವನು, ಮನೆಮಾತು ತುಳು, ಕಂಪನಿಯಲ್ಲಿ ಸ್ಟೋರ್‌ಕೀಪರ್. ಫೋನನ್ನು ಎರಡು ಸಲ ಅವನ ಮೂಗಿನ ಕೆಳಗೆ ಹಿಡಿದೆ.

"ಅಲ್ಲ ಮಾರಾಯ, ಆ ಜನ ಬದುಕಿದ್ದಾನಾ ಇಲ್ವಾ ಅಂತ ಕೇಳಿದಿಯಾ ನೀನು?" ಅಂದ.

ಕೇಳಿರಲಿಲ್ಲ. ಅವನು ಬದುಕಿದ, ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲವಂತೆ. ಆ ಹೊತ್ತಿನಲ್ಲಿ ಅವನ ಕೈ ನನಗೆ ನೆನಪಾಗಲಿಲ್ಲ. ನೆನಪಾದದ್ದು ವಿಡಿಯೋದಲ್ಲಿ ಜೂಲದ ಮೇಲಿನ ಹೋರಿಯ ಹೆಸರು ಸರಿಯಾಗಿ ಕಾಣುತ್ತಿಲ್ಲವಲ್ಲ ಎಂಬುದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟು ಮಿಕ್ಕದ್ದನ್ನು ಬರೆದರೆ ಅದು ಸುಳ್ಳಾಗುತ್ತದೆ.

ಜೊತೆಗಾರನ ಅಜ್ಜನ ಮನೆಯಲ್ಲಿ ಕಂಬಳದ ಕೋಣಗಳಿದ್ದವು. ಹಾಗಾಗಿ ನಮ್ಮಿಬ್ಬರಿಗೂ ಯಾರದು ಕ್ರೂರ ಆಟ ಎಂಬ ಜಗಳ ಮುಗಿಯುತ್ತಲೇ ಇರಲಿಲ್ಲ. "ನಮ್ಮಲ್ಲಿ ಈಗ ಬೆತ್ತ ಹಿಡಿಬಹುದು, ಹೊಡಿಬಾರದು ಅಂತ ರೂಲ್ ಉಂಟು" ಎನ್ನುತ್ತಿದ್ದ.

"ಹಂಗಾರ ಹೊಡ್ಯಾಂಗಿಲ್ಲೇನು?"

"ಕ್ಯಾಮೆರಾ ಇದ್ದಲ್ಲಿ ಇಲ್ಲ" ಎಂದು ತಾನೇ ನಗುತ್ತಿದ್ದ.

ಮೂರನೆಯ ವರ್ಷದ ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ಅವನೇ ನನ್ನನ್ನು ಪಿಕಪ್‌ನಲ್ಲಿ ಕೂರಿಸಿಕೊಂಡು ಶಹಾನಿಯಾಕ್ಕೆ ಒಂಟೆ ಓಟ ತೋರಿಸಲು ಹೋದ. ಒಂಟೆಗಳ ಬೆನ್ನ ಮೇಲೆ ಮನುಷ್ಯರಿಲ್ಲ. ಟಿಫಿನ್ ಕ್ಯಾರಿಯರ್‌ನಷ್ಟು ದೊಡ್ಡ ಯಂತ್ರಕ್ಕೆ ಬಣ್ಣದ ಅಂಗಿ ತೊಡಿಸಿ ಕಟ್ಟಿರುತ್ತಾರೆ. ಅದರ ಒಂದು ಕೈಯಲ್ಲಿ ಗಿರಗಿರ ತಿರುಗುವ ಚಾವಟಿ. ಮೊದಲೆಲ್ಲ ಎಳೆ ಮಕ್ಕಳನ್ನು ಕೂರಿಸುತ್ತಿದ್ದರಂತೆ. ಜಗತ್ತು ಛೀ ಅಂದಿತು, ಯಂತ್ರ ಬಂದಿತು. "ಮಕ್ಕಳು ಬಚಾವಾದ್ರು. ಒಂಟೆಗೆ ಪೆಟ್ಟು ಹಾಗೇ ಉಂಟು ನೋಡು" ಅಂದ ಜೊತೆಗಾರ. ನನ್ನ ಗಮನ ಅವನ ಮಾತಿನ ಮೇಲಿರಲಿಲ್ಲ. ಟ್ರ್ಯಾಕಿನ ಪಕ್ಕದ ರಸ್ತೆಯಲ್ಲಿ ಒಂಟೆಗಳಿಗೆ ಸರಿಸಮನಾಗಿ ಲ್ಯಾಂಡ್ ಕ್ರೂಸರ್‌ಗಳು ಓಡುತ್ತಿದ್ದವು. ಒಂದರಲ್ಲಿ ಬಿಳಿ ಗಡ್ಡದ ಒಡೆಯ ವಾಕಿಟಾಕಿ ಬಾಯಿಗಿಟ್ಟುಕೊಂಡು ಹೋ ಹೋ ಎಂದು ಕೂಗುತ್ತಿದ್ದ. ಯಂತ್ರದೊಳಗೆ ಒಂದು ಪುಟ್ಟ ಸ್ಪೀಕರ್ ಇರುತ್ತದಂತೆ. ಒಡೆಯನ ದನಿ ಬೆನ್ನ ಮೇಲಿನಿಂದ ಕೇಳಿದ್ದೇ ಆ ಒಂಟೆ ಕತ್ತು ಚಾಚಿ ಮುಂದಿನ ಎರಡನ್ನು ಹಿಂದೆ ಹಾಕಿತು.

ವಾಪಸು ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಸ್ಪೀಕರೇ ಇತ್ತು. ಈ ಬುದ್ಧಿ ಇಷ್ಟು ದಿನ ಎಲ್ಲಿ ಹೋಗಿತ್ತು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಮುಂದಿನ ದೀಪಾವಳಿಗೆ ಹದಿನೈದು ದಿನ ಇರುವಾಗ ತಮ್ಮನ ಫೋನು ಬಂತು.

"ಅಣ್ಣಾ, ಈ ವರ್ಷ ಬ್ಯಾಡೋ. ಹೋರೀದು ಹಿಂದಿನ ಬಲಗಾಲು ಊದೈತಿ. ಎರಡು ತಿಂಗಳು ಓಡಿಸಬ್ಯಾಡ್ರಿ ಅಂದಾರ ಡಾಕ್ಟರು."

"ಎಣ್ಣಿ ಹಚ್ಚಿ ತಿಕ್ಕು, ಇಳಿತೈತಿ."

"ಕಾಲಷ್ಟ ಅಲ್ಲೋ. ನನಗ ಈ ಆಟಾನ ಸಾಕಾಗೈತಿ. ಬಿಡೂ ಮುಂದ ಅದು ಹೆಂಗ ನಡಗತೈತಿ ಗೊತ್ತೈತೇನು ನಿನಗ? ಉಚ್ಚಿ ಹೊಯ್ಕೋತೈತಿ. ನೀ ವಿಡಿಯೋದಾಗ ನೋಡಾವ, ನಾ ಮೈಮ್ಯಾಲ ಕೈ ಇಟ್ಟು ನಿಂದ್ರಾವ."

ತಮ್ಮ ಹೀಗೆ ಮಾತಾಡಿದ್ದು ಅದೇ ಮೊದಲು. ಹಿಂದೊಮ್ಮೆ ಬೇಲಿ ಹಾರಿ ಮೂರು ಹೋರಿಯ ಕೊಬ್ಬರಿ ಹರಿದವನು ಅವನು. ಅವನ ಮಾತು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಹೋರಿಯ ಹೆಸರಿನ ಟೀ ಶರ್ಟು ಮಾಡಿಸಿ ಆಗಿತ್ತು, ಅಲ್ ಖೋರ್‌ನಲ್ಲಿರುವ ನಮ್ಮ ಕಡೆಯವರನ್ನೆಲ್ಲ ಫ್ಲಾಟಿಗೆ ಊಟಕ್ಕೆ ಕರೆದಿದ್ದೆ, ನಾಲ್ಕನೆಯ ವರ್ಷವೂ ಮುಟ್ಟಗೊಡುವುದಿಲ್ಲ ಎಂದು ಬಸ್ಸಿನಲ್ಲಿ ತೊಡೆ ತಟ್ಟಿದ್ದೆ.

"ನಿನ್ನನ್ನ ಯಾರು ಕೇಳ್ಯಾರ?" ಅಂದೆ. "ನೀ ಹಗ್ಗ ಹಿಡಿಯಾವ. ಹಗ್ಗ ಹಿಡಿ ಸಾಕು."

"ಆತು" ಎಂದ ತಮ್ಮ. ನಾನು ಶಹಾನಿಯಾದ ಬುದ್ಧಿಯನ್ನು ಹೇಳಿದೆ. ಹೋರಿ ಬಿಟ್ಟ ಕೂಡಲೇ ನನ್ನ ಕಾಲ್ ಬಂದ ಫೋನನ್ನು ಅಖಾಡದ ಮೈಕಿಗೆ ಹಿಡಿಸಬೇಕು, ನಾನು ಇಲ್ಲಿಂದ ಕೂಗುತ್ತೇನೆ, ನನ್ನ ದನಿ ಕೇಳಿದರೆ ಕಾಲು ನೋವು ಮರೆತು ಓಡುತ್ತದೆ. ಅದಕ್ಕೂ "ಆತು" ಎಂದ. ಸ್ಪರ್ಧೆಯ ಕಮಿಟಿಯವರಿಗಂತೂ ಬಹಳ ಹಿಡಿಸಿತು. ಕತಾರ್‌ನಿಂದ ಮಾಲಕರು ನೇರಪ್ರಸಾರದಲ್ಲಿ ಹೋರಿ ಓಡಿಸುತ್ತಾರೆ ಎಂದು ಬ್ಯಾನರಿನಲ್ಲೇ ಹಾಕಿಸಿದರು.

ಸ್ಪರ್ಧೆಯಿದ್ದ ಶುಕ್ರವಾರ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಒಂಬತ್ತು ಜನ ಚಾಪೆ ಹಾಸಿ ಕೂತಿದ್ದರು. ಇಲ್ಲಿ ಬೆಳಗಿನ ಹನ್ನೊಂದು, ಅಲ್ಲಿ ಮಧ್ಯಾಹ್ನ ಒಂದೂವರೆ. ಟೀವಿಯಲ್ಲಿ ಯೂಟ್ಯೂಬ್ ಲೈವ್, ನನ್ನ ಕೈಯಲ್ಲಿ ಫೋನು. ಟೀವಿಯ ಚಿತ್ರ ಅಖಾಡಕ್ಕಿಂತ ಅರ್ಧ ನಿಮಿಷ ಹಿಂದೆ ಬರುತ್ತದೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ವೆಲ್ಡಿನೊಳಗಿನ ಕೂದಲೆಳೆ ಬಿರುಕನ್ನು ಹುಡುಕಿ ತೆಗೆಯುವ ನನಗೂ ಹೊಳೆಯಲಿಲ್ಲ.

"ಬಿಟ್ಟಾರ ಬಿಟ್ಟಾರ, ಕತಾರ್ ಹೋರೀ! ಮಾಲಕ್ರ, ಕೂಗ್ರಿ!" ಫೋನಿನಲ್ಲಿ ವೀಕ್ಷಕ ವಿವರಣೆಯವನ ಅರಚಾಟ ಕೇಳಿತು.

ನಾನು ಎದ್ದು ನಿಂತು ಹೊಟ್ಟೆಯೊಳಗಿಂದ ಕೂಗಿದೆ. "ಹೋ ಹೋ ಹೋಯ್, ಬಾರೋ ಮಗನ!"

ಟೀವಿಯಲ್ಲಿ ಹೋರಿ ಇನ್ನೂ ಹಗ್ಗದಲ್ಲಿತ್ತು. ತಮ್ಮ ಅದರ ಕಿವಿಗೆ ಏನೋ ಹೇಳುತ್ತಿದ್ದ. ನನಗೆ ಗೊಂದಲವಾಯಿತು, ಮತ್ತೆ ಕೂಗಿದೆ. ಆಗ ಅದನ್ನು ಬಿಟ್ಟದ್ದು ಟೀವಿಯಲ್ಲಿ ಕಂಡಿತು. ಬಾಣ ಬಿಟ್ಟಂತೆ ಹೊರಟಿತು. ನಮ್ಮ ಹಾಲ್ ಎದ್ದು ಕುಣಿಯಿತು, ಕೆಳಗಿನ ಫ್ಲಾಟಿನ ಮಲಯಾಳಿ ಬಂದು ಬಾಗಿಲು ಬಡಿದ. ಫೋನಿನಲ್ಲಿ ಜನರ ದೊಡ್ಡ ಬೊಬ್ಬೆ. ನನ್ನ ಕೂಗಿಗೇ ಓಡುತ್ತಿದೆ ಅಂದುಕೊಂಡೆ. ಮೂರನೆಯ ಸಲ, ನಾಲ್ಕನೆಯ ಸಲ ಕೂಗಿದೆ. ಬೊಬ್ಬೆ ಇನ್ನೂ ಹೆಚ್ಚಾಯಿತು. ಅದರ ನಡುವೆ "ಕಾಲು, ಕಾಲು, ಬಿಡ್ರೋ, ಅದರ ಕಾಲೂ" ಎಂದು ಯಾರೋ ಕಿರುಚಿದ್ದು ಕೇಳಿತು. ಅದು ತಮ್ಮನ ದನಿ. ಟೀವಿಯಲ್ಲಿ ಮಾತ್ರ ನನ್ನ ಹೋರಿ ತಲೆ ತಗ್ಗಿಸಿ ಓಡುತ್ತಲೇ ಇತ್ತು, ಕೊರಳಲ್ಲಿ ಕೊಬ್ಬರಿ ಹಾಗೇ ಇತ್ತು.

ಆಮೇಲೆ ಅದು ನಿಂತಿತು.

ಓಣಿಯ ನಟ್ಟನಡುವೆ, ನೂರಾರು ಗಂಡಸರ ಮಧ್ಯೆ ನಿಂತಿತು. ತಲೆ ಎತ್ತಿತು. ಎರಡೂ ಕಿವಿ ಮುಂದಕ್ಕೆ ಚಾಚಿತು. ಹಾರ್ನ್ ಸ್ಪೀಕರುಗಳನ್ನು ಎರಡೂ ಕಡೆ ಕಟ್ಟಿದ್ದರು. ಎಡಕ್ಕೆ ತಿರುಗಿತು, ನಾನಿರಲಿಲ್ಲ. ಬಲಕ್ಕೆ ತಿರುಗಿತು, ಅಲ್ಲೂ ಇರಲಿಲ್ಲ. ಬೆಲ್ಲ ಹಿಡಿದ ಅಂಗೈಯನ್ನು ಅದು ಹುಡುಕುತ್ತಿತ್ತು. ಕರೆದವನು ಕಡಲಾಚೆ ಚಾಪೆಯ ಮೇಲೆ ನಿಂತಿದ್ದ.

ಅವರು ಮೇಲೆ ಬಿದ್ದರು. ಒಬ್ಬ ಕೋಡಿಗೆ ಜೋತುಬಿದ್ದ, ಇಬ್ಬರು ಬಾಲ ತಿರುಚಿದರು, ಒಬ್ಬ ಮೂಗಿಗೆ ಬೆರಳು ಹಾಕಿ ಕತ್ತು ಹೊರಳಿಸಿ ಎಳೆದ. ಹದಿನೈದೋ ಇಪ್ಪತ್ತೋ ಮಂದಿ. ಮೂರು ವರ್ಷದ ಸಿಟ್ಟು ಅವರದು. ಕೊಬ್ಬರಿ ಹರಿದ ಮೇಲೂ ಬಿಡಲಿಲ್ಲ. ಊದಿದ ಕಾಲು ಬೇಲಿಯ ಎರಡು ಗಳುಗಳ ನಡುವೆ ಸಿಕ್ಕಿತು, ಮೇಲಿನ ಭಾರವೆಲ್ಲ ಒಟ್ಟಿಗೆ ಆ ಕಡೆ ವಾಲಿತು. ಲೈವ್‌ನಲ್ಲಿ ಮೂಳೆಯ ಸದ್ದು ಬರುವುದಿಲ್ಲ. ಆದರೆ ಗುಂಪು ತಾನಾಗಿಯೇ ಹಿಂದೆ ಸರಿದದ್ದು ಕಂಡಿತು.

ಇಡೀ ಹಾಲ್‌ನಲ್ಲಿ ಒಬ್ಬ ಮಾತ್ರ ನಕ್ಕ. ಯಾರು ಅಂತ ನಾನು ತಿರುಗಿ ನೋಡಲಿಲ್ಲ. ಜೊತೆಗಾರ ಟೀವಿ ಆರಿಸಿ, "ಯಲ್ಲಾ, ಊಟ ಮಾಡಿ ಹೋಗಿ ಎಲ್ರೂ" ಎಂದ. ಊಟ ಮಾಡಿಯೇ ಹೋದರು.

ಅಂದು ಸಂಜೆ ತಮ್ಮ ಫೋನು ಮಾಡಿದ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿ ಅಂತಲೂ ಆಸೆಯಿತ್ತು. ಅವನು ಮೆಲ್ಲಗೆ, "ಅದು ಓಡೂದು ಬಿಟ್ಟು ನಿನ್ನ ಹುಡುಕ್ಕೋಂತ ನಿಂತಿತ್ತು ಅಣ್ಣಾ" ಎಂದಷ್ಟೇ ಹೇಳಿದ.

ಅಷ್ಟು ತೂಕದ ಪ್ರಾಣಿಗೆ ಹಿಂಗಾಲಿನ ಮೂಳೆ ಮುರಿದರೆ ಕೂಡುವುದು ಕಷ್ಟವಂತೆ. ಡಾಕ್ಟರು ಬಿದಿರ ದಬ್ಬೆ ಇಟ್ಟು ಪಟ್ಟಿ ಸುತ್ತಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು, ಮಲಗಿದಲ್ಲೇ ಇರಲಿ, ಏಳಗೊಡಬೇಡಿ ಎಂದರು. ಎರಡು ವಾರ ಅಲುಗದೆ ಮಲಗಿದರೆ ನೋಡೋಣ ಎಂದರು. ತಮ್ಮ ಆ ಮಾತಿಗೆ ಜೋತುಬಿದ್ದ. ಕೊಟ್ಟಿಗೆಯಲ್ಲಿ ಮರಳು ಹಾಸಿ, ಮಗ್ಗುಲಲ್ಲೇ ಮಲಗಿ ಕಾದ. ನಾನೂ ಜೋತುಬಿದ್ದೆ. ಅದು ಬದುಕಿದರೆ ನಾನು ಅಷ್ಟು ಕೆಟ್ಟವನಲ್ಲ ಎಂಬ ಲೆಕ್ಕ ನನ್ನ ತಲೆಯಲ್ಲಿತ್ತು.

ನಾಲ್ಕನೆಯ ದಿನ ಸೈಟಿನಲ್ಲಿ ಚಹಾದ ಹೊತ್ತಿಗೆ ತಮ್ಮನ ವಿಡಿಯೋ ಕಾಲ್ ಬಂತು. "ಎರಡು ದಿನ ಆತು, ಒಂದು ಕಡ್ಡಿ ಮುಟ್ಟಿಲ್ಲ. ನೀ ಒಂದ್ಸಲ ಕರಿ ನೋಡೂಣು. ನಿನ್ನ ದನಿ ಕೇಳಿದ್ರ ಬೆಲ್ಲನಾದ್ರೂ ತಿಂದೀತು." ಡಾಕ್ಟರು ಕಾಲಿನ ಹತ್ತಿರ ಕೂತು ಪಟ್ಟಿ ಬದಲಿಸಲು ತಯಾರಿ ನಡೆಸಿದ್ದರು. ತಮ್ಮ ಒಂದು ಕೈಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಫೋನು ಹಿಡಿದು ಹೋರಿಯ ಕಿವಿಯ ಹತ್ತಿರ ತಂದ.

ನಾನು ಹೆಲ್ಮೆಟ್ ತೆಗೆದು ಮೆಲ್ಲಗೆ ಕರೆದೆ. ಕೂಗಲಿಲ್ಲ, ಮೆಲ್ಲಗೇ ಕರೆದೆ. "ಬಾರೋ ಮಗನ."

ಬಾ ಅಂದಮೇಲೆ ಅದು ಬರಬೇಕಲ್ಲ. ಮುಂಗಾಲು ಮಡಚಿ ನೆಲಕ್ಕೆ ಒತ್ತಿತು, ಎದೆ ಎತ್ತಿತು, ಒಂದು ಹಿಂಗಾಲ ಮೇಲೆ ಅರ್ಧ ಎದ್ದು, ಇನ್ನೊಂದನ್ನೂ ಊರಿತು. ಊರಿದ ಕಾಲು ಪಟ್ಟಿಯೊಳಗೇ ಎರಡಾಗಿ ಮಡಚಿಕೊಂಡಿತು. ಬಿಳಿ ಬಟ್ಟೆ ಹರಿದು ಮೂಳೆಯ ತುದಿ ಹೊರಬಂತು. ಅದು ಹಾಕಿದ ಕೂಗಿಗೆ ನನ್ನ ಫೋನಿನ ಸ್ಪೀಕರ್ ಒಡಕು ದನಿ ಮಾಡಿತು.

"ಯಾರ್ರೀ ಕರದಾವ್ರು? ಬಂದ್ ಮಾಡ್ರಿ ಅದನ್ನ ಮೊದಲ!" ಡಾಕ್ಟರು ಬೊಬ್ಬೆ ಹಾಕಿದರು.

ಕಾಲ್ ಕಟ್ ಆಯಿತು. ನನ್ನ ಫೋರ್‌ಮನ್ ಏನಾಯಿತೆಂದು ಕೇಳಿದ. "ಮಾಫಿ ಮುಶ್ಕಿಲ್" ಎಂದೆ, ಏನೂ ತೊಂದರೆಯಿಲ್ಲ ಅಂತ. ಮತ್ತೆ ಹೆಲ್ಮೆಟ್ ಹಾಕಿಕೊಂಡು, ಸಂಜೆಯವರೆಗೆ ಇನ್ನೂ ಹನ್ನೆರಡು ಜಾಯಿಂಟ್ ನೋಡಿದೆ. ಎಲ್ಲ ಸರಿಯಾಗಿದ್ದವು.

ಆಮೇಲೆ ತಮ್ಮ ದಿನಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದ. ಕೊಟ್ಟಿಗೆಯ ಹೊರಗೆ ನಿಂತು ಮೊದಲು ಕೇಳುತ್ತಿದ್ದ, "ನಿನ್ನ ಮೈಕ್ ಬಂದ್ ಐತಿಲ್ಲ?" ನಾನು ಬಂದ್ ಮಾಡಿ ತಲೆಯಾಡಿಸಿದ ಮೇಲೆಯೇ ಒಳಗೆ ಹೋಗುತ್ತಿದ್ದ. ನಾನು ಅಲ್ ಖೋರ್‌ನ ಬಸ್ಸಿನಲ್ಲಿ ಕೂತು ಅದನ್ನು ನೋಡುತ್ತಿದ್ದೆ. ಗಾಯ ಕೊಳೆಯುತ್ತಿತ್ತು. ತಮ್ಮ ನೊಣ ಓಡಿಸುತ್ತಿದ್ದ. ಯಾರಾದರೂ ಕೊಟ್ಟಿಗೆಗೆ ಕಾಲಿಟ್ಟರೆ ಅದರ ಕಿವಿ ಎರಡೂ ಬಾಗಿಲ ಕಡೆ ತಿರುಗುತ್ತಿದ್ದವು. ಹೆಜ್ಜೆ ನನ್ನದಲ್ಲ ಎಂದು ತಿಳಿದ ಮೇಲೆ ಮತ್ತೆ ಜೋತುಬೀಳುತ್ತಿದ್ದವು. ಅದರ ಮುಂದೆ ಉಸಿರೆತ್ತದೆ ಇರುವುದೊಂದೇ ನಾನು ಅದಕ್ಕೆ ಮಾಡಬಹುದಾದ ಉಪಕಾರವಾಗಿತ್ತು. ಹಾಳು ಬಾಯಿ, ತುಟಿಯ ತನಕ ಆ ಕೂಗೇ ಬರುತ್ತಿತ್ತು. ಜೊತೆಗಾರ ಒಂದೆರಡು ಸಲ ನನ್ನ ಫೋನನ್ನು ತಾನೇ ತೆಗೆದುಕೊಂಡು ಮೈಕ್ ಬಂದ್ ಆಗಿದೆಯೇ ಎಂದು ನೋಡಿ ಕೊಟ್ಟ. ಅವನು ಆ ದಿನಗಳಲ್ಲಿ ಕಂಬಳದ ಮಾತೆತ್ತಲಿಲ್ಲ.

ಹತ್ತನೆಯ ದಿನದ ಕಾಲ್ ಬೇಗ ಬಂತು. ನಾನು ಎಂದಿನಂತೆ ಮೈಕ್ ಬಂದ್ ಮಾಡಿ ತಲೆಯಾಡಿಸಿದೆ. ತಮ್ಮ ಏನೂ ಕೇಳದೆ ಒಳಗೆ ನಡೆದ. ಹೋರಿಯ ತಲೆ ಮರಳ ಮೇಲೆ ಅಡ್ಡಬಿದ್ದಿತ್ತು. ಅವನು ಹತ್ತಿರ ಹೋದರೂ ಕಿವಿ ತಿರುಗಲಿಲ್ಲ. ಹೊರಗೆ ಆಗಲೇ ಜನ ಸೇರಿದ ಸದ್ದು, ಟ್ರ್ಯಾಕ್ಟರ್ ತಂದ ಸದ್ದು ಕೇಳುತ್ತಿತ್ತು. ನಮ್ಮ ಕಡೆ ಹೆಸರು ಮಾಡಿದ ಹೋರಿಯನ್ನು ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ.

ತಮ್ಮ ಫೋನನ್ನು ತನ್ನ ಮುಖದ ಕಡೆ ತಿರುಗಿಸಿದ. "ಮೈಕ್ ತಗಿ ಅಣ್ಣಾ. ಇನ್ನ ಮಾತಾಡು. ಇನ್ನೇನೂ ಆಗೂದಿಲ್ಲ."

ನಾನು ಮೈಕ್ ತೆಗೆದೆ. ತಪ್ಪಾಯಿತು ಅನ್ನಬಹುದಿತ್ತು. ಹತ್ತು ದಿನ ಮಗ್ಗುಲಲ್ಲಿ ಮಲಗಿದ್ದೀ, ಊಟ ಮಾಡಿದೆಯಾ ಎಂದು ಕೇಳಬಹುದಿತ್ತು. ಅತ್ತುಬಿಡಬಹುದಿತ್ತು.

"ಕೋಡಿಗೆ ಹೊಸ ರಿಬ್ಬನ್ ಕಟ್ಟಸು" ಎಂದೆ. "ಜನ ಫೋಟೋ ತಗೀತಾರ."

ತಮ್ಮ ತನ್ನ ಮೈಕ್ ಬಂದ್ ಮಾಡಿಕೊಂಡು, ಫೋನನ್ನು ಹೋರಿಯ ಪಕ್ಕದಲ್ಲೇ ಮರಳ ಮೇಲೆ ಇಟ್ಟು ಹೊರಗೆ ಹೋದ.